ವಾಚಿನಡಿಯ ಕೆಂಪು ಕಲೆ: ಮೊದಲು ಆಕಾರ ನೋಡಿ

ಪತ್ರ: ಸೋಮವಾರಪೇಟೆ ಬಳಿ ನಮ್ಮದು ಕಾಫಿ ತೋಟ. ಮೇ ತಿಂಗಳಲ್ಲಿ ಸ್ಮಾರ್ಟ್‌ವಾಚ್ ಕೊಂಡೆ. ಮಳೆ ಹಿಡಿದ ಮೇಲೆ ಅದರಡಿ ಚರ್ಮ ಕೆಂಪಾಗಿ ತುರಿಕೆ ಶುರುವಾಗಿದೆ. ಹಸಿರು ಬೆಳಕು ಚರ್ಮ ಸುಡುತ್ತದೆಯೇ? ಔಷಧಿ ಅಂಗಡಿಯ ಮುಲಾಮು ಹಚ್ಚಿದರೆ ಎರಡು ದಿನ ಆರಾಮ, ಆಮೇಲೆ ಅದೇ ಪಾಡು.

ಉತ್ತರ: ಬೆಳಕಿನ ಮೇಲಿನ ಅನುಮಾನ ಬಿಡಿ. ಅದು ನಾಡಿ ಎಣಿಸುವ ಪುಟ್ಟ ಎಲ್‌ಇಡಿ, ಚರ್ಮ ಸುಡುವಷ್ಟು ಕಾವು ಅದಕ್ಕಿಲ್ಲ. ಸುಳಿವು ಇರುವುದು ‘ಮಳೆ ಹಿಡಿದ ಮೇಲೆ’ ಎಂಬ ನಿಮ್ಮ ಮಾತಿನಲ್ಲೇ. ರೇನ್‌ಕೋಟಿನ ತೋಳಿನೊಳಗೆ ಬೆವರು, ಮಳೆನೀರು, ಸೋಪಿನ ಜಿಡ್ಡು ಎಲ್ಲ ವಾಚಿನಡಿ ಸೇರಿ ಸಂಜೆಯವರೆಗೂ ಆರುವುದಿಲ್ಲ. ನೆನೆದು ಮೆತ್ತಗಾದ ಚರ್ಮವನ್ನು ಪಟ್ಟಿ ಉಜ್ಜುತ್ತದೆ. ಬೋರ್ಡೋ (ಗಿಡದ ರೋಗಕ್ಕೆ ಹೊಡೆಯುವ ಮದ್ದು) ಸಿಂಪಡಿಸುವ ದಿನವಂತೂ ವಾಚ್ ಮನೆಯಲ್ಲೇ ಇರಲಿ; ಮೈಲುತುತ್ತ, ಸುಣ್ಣದ ಹನಿ ಪಟ್ಟಿಯಡಿ ಸಿಕ್ಕಿಕೊಂಡರೆ ಉರಿ ಖಂಡಿತ.

ಆದರೂ ಕಲೆಯ ಆಕಾರವನ್ನೊಮ್ಮೆ ನೋಡಿ. ವಾಚಿನ ಬೆನ್ನಿನಷ್ಟೇ ಅಗಲಕ್ಕೆ ಕೆಂಪಾಗಿದ್ದರೆ ಬಹುಪಾಲು ತೇವದ ಕೆಲಸ. ಬಕಲ್ ತಾಗುವಲ್ಲಿ ಮಾತ್ರ ಇದ್ದರೆ ನಿಕ್ಕಲ್ ಅಲರ್ಜಿ ಇರಬಹುದು. ಅಗ್ಗದ ಬೆಂಡೋಲೆ, ಪ್ಯಾಂಟಿನ ಲೋಹದ ಗುಂಡಿಯೂ ನಿಮಗೆ ಆಗಿಬರುವುದಿಲ್ಲವೇ? ವಾಚಿನ ಭಾಗಗಳನ್ನು ಕೂಡಿಸುವ ಅಂಟಿನಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಗಳೂ ಕೆಲವರಿಗೆ ಒಗ್ಗುವುದಿಲ್ಲ. ಚರ್ಮದ ದೂರುಗಳಿಂದಾಗಿಯೇ 2014ರಲ್ಲಿ ‘ಫಿಟ್‌ಬಿಟ್ ಫೋರ್ಸ್’ ಎಂಬ ಕೈಗೆ ಕಟ್ಟುವ ಫಿಟ್‌ನೆಸ್ ಸಾಧನವನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಇನ್ನು ಅಂಚು ಉಬ್ಬಿ, ನಡು ತಿಳಿಯಾಗಿ, ಬಳೆಯಂತೆ ಹಬ್ಬುತ್ತಿದ್ದರೆ ಅದು ಬಹುಶಃ ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು.

ನಿಮ್ಮ ಮುಲಾಮಿನ ಟ್ಯೂಬ್ ತಿರುಗಿಸಿ ಓದಿ. ಕ್ಲೊಬೆಟಾಸಾಲ್ ಅಥವಾ ಬೆಕ್ಲೊಮೆಥಾಸೋನ್‌ನಂಥ ಸ್ಟೀರಾಯ್ಡ್ ಜೊತೆಗೆ ಶಿಲೀಂಧ್ರದ ಮದ್ದೂ ಬೆರೆತಿದ್ದರೆ ಇಂದೇ ನಿಲ್ಲಿಸಿ. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಒಳಗೆ ಹುಳುಕಡ್ಡಿ ಇದ್ದರೆ ಬೆಳೆಸುತ್ತದೆ. ‘ಎರಡು ದಿನ ಆರಾಮ’ದ ಗುಟ್ಟು ಅದೇ ಇರಬಹುದು. ಬಳೆಯಾಕಾರ ಕಂಡರೆ, ನೀರು ಒಸರಿದರೆ ನೇರ ಚರ್ಮವೈದ್ಯರ ಬಳಿ ಹೋಗಿ.

ಇಲ್ಲದಿದ್ದರೆ ಚರ್ಮ ಪೂರ್ತಿ ಮಾಯುವವರೆಗೆ ವಾಚ್ ಕಟ್ಟಬೇಡಿ. ಒಂದೆರಡು ವಾರ ಹಿಡಿಯಬಹುದು. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ತೆಳುವಾಗಿ ವ್ಯಾಸಲೀನ್ ಹಚ್ಚಿ. ಮಾಯ್ದ ಮೇಲೆ ಇನ್ನೊಂದು ಕೈಗೆ, ಒಣಗಿಸಿ, ಸಡಿಲವಾಗಿ ಕಟ್ಟಿ ನೋಡಿ. ಹಾಗಿದ್ದೂ ಎರಡು ಮೂರು ದಿನದಲ್ಲಿ ತುರಿಕೆ ಮರಳಿದರೆ ಅಲರ್ಜಿಯೇ ಎಂದು ಅನುಮಾನಿಸಿ, ಪ್ಯಾಚ್ ಟೆಸ್ಟ್ ಕೇಳಿ. ಅಲರ್ಜಿ ತರಬಹುದಾದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗೆ ತೆಗೆದು ನೋಡಿ, 96 ಗಂಟೆಯ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು. ಮೈಸೂರಿಗೋ ಮಂಗಳೂರಿಗೋ ಹೋಗುವವರು ಮೂರು ಓಡಾಟಕ್ಕೆ ಲೆಕ್ಕ ಹಾಕಿಕೊಳ್ಳಿ.

ಪಟ್ಟಿಯ ವಿಷಯ. ‘ನೈಲಾನ್ ಹಾಕಿ, ಗಾಳಿಯಾಡುತ್ತದೆ’ ಎಂಬ ಸಲಹೆ ಬಯಲುಸೀಮೆಗೆ ಸರಿ. ನಮ್ಮ ಮಳೆಯಲ್ಲಿ ಅದು ನೀರು ಕುಡಿದು ಒದ್ದೆ ಬಟ್ಟೆಯಂತೆ ಕೈಗೆ ಅಂಟಿರುತ್ತದೆ. ಚರ್ಮದ ಪಟ್ಟಿಗೆ ಬೂಷ್ಟು ಬರುತ್ತದೆ. ಮಳೆಗಾಲಕ್ಕೆ ತೂತುಗಳಿರುವ ಸಿಲಿಕೋನ್ ಇರಲಿ, ನೈಲಾನ್ ಕಾಫಿ ಕುಯ್ಲಿನ ಹೊತ್ತಿಗೆ. ಪಟ್ಟಿಯಡಿ ಕಿರುಬೆರಳು ತೂರುವಷ್ಟು ಸಡಿಲವಿರಲಿ. ರಾತ್ರಿ ಪಟ್ಟಿ ಬಿಚ್ಚಿ ತೊಳೆದು, ವಾಚಿನ ಬೆನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಗಾಳಿಗೆ ಇಡಿ. ಒದ್ದೆ ಬಟ್ಟೆಗಳ ಜೊತೆ ಒಲೆಯ ಮೇಲೆ ಮಾತ್ರ ತೂಗುಹಾಕಬೇಡಿ, ಕಾವಿಗೆ ಬ್ಯಾಟರಿ ಕೆಡುತ್ತದೆ, ಅಂಟೂ ಬಿಡುತ್ತದೆ.