ಕಡಿಮೆ ಬೆಲೆಯ ಹಾಲೋ ಬಾಡಿ ಗಿಟಾರ್ ತಗೊಂಡು ಆಮೇಲೆ ಸುಧಾರಿಸಿಕೊಳ್ಳಬಹುದಾ?

ನೀವು ಕೇಳಿರೋದು ಇಷ್ಟು: ಜಾಝ್ ಮತ್ತು ಹಳೇ ಬ್ಲೂಸ್ ನುಡಿಸುವ ಆಸೆ ಇದೆ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ, ಕಡಿಮೆ ಬೆಲೆಯ ಹಾಲೋ ಬಾಡಿ ಒಂದನ್ನು ಈಗಲೇ ತಗೊಂಡು ಪಿಕಪ್ (ತಂತಿಯ ಅಲುಗಾಟವನ್ನ ಆಂಪ್‌ಗೆ ಕಳಿಸೋ ಭಾಗ) ಬದಲಾಯಿಸಿಕೊಳ್ಳೋದಾ ಅಥವಾ ದುಬಾರಿಯದಕ್ಕೆ ಕಾಯೋದಾ. ಜೊತೆಗೆ ಬಿಗ್ಸ್‌ಬಿ, ಅಂದರೆ ಹಿಡಿಕೆ ಒತ್ತಿ ಸ್ವರ ಅಲುಗಿಸೋ ಸಾಧನ, ಹಾಕಿಸಬಹುದಾ ಅಂತಲೂ ಕೇಳಿದ್ದೀರಿ.

ಈಗಲೇ ತಗೊಳ್ಳಿ. ಆದರೆ ಪಿಕಪ್‌ಗೆ ಅಂತ ಎತ್ತಿಟ್ಟ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡಿ. ಈ ಜಾತಿಯ ಗಿಟಾರಿನಲ್ಲಿ ಮರದ ಕೆಲಸ ಸರಿಯಾಗಿದ್ದರೆ ಉಳಿದದ್ದನ್ನೆಲ್ಲ ನಿಧಾನಕ್ಕೆ ಸರಿಮಾಡಿಕೊಳ್ಳಬಹುದು. ಮರದ ಕೆಲಸವೇ ಕೆಟ್ಟಿದ್ದರೆ ಎಂಥ ಪಿಕಪ್ ಹಾಕಿದರೂ ದಂಡ.

ಮೊದಲು ಯಾವ ತರಹದ್ದು ಬೇಕು ಅನ್ನೋದನ್ನ ತೀರ್ಮಾನ ಮಾಡಿ. ಎಫ್ ಆಕಾರದ ತೂತು ಕಂಡ ಕೂಡಲೇ ಎಲ್ಲವನ್ನೂ ಹಾಲೋ ಬಾಡಿ ಅಂದುಬಿಡ್ತಾರೆ. ಪೂರ್ತಿ ಹಾಲೋ ಆಗಿದ್ದರೆ ಒಳಗೆ ಖಾಲಿ, ಮೇಲಿನ ಹಲಗೆಗೆ ಆಸರೆಯಾಗಿ ಕೆಳಗೆ ಒಂದೆರಡು ಬ್ರೇಸ್ ಇರ್ತವೆ ಅಷ್ಟೇ. ಸೆಮಿ ಹಾಲೋದಲ್ಲಿ ನಡುವೆ ಉದ್ದಕ್ಕೆ ಒಂದು ಮರದ ದಿಮ್ಮಿ ಇರುತ್ತೆ, ಅದನ್ನೇ ಸೆಂಟರ್ ಬ್ಲಾಕ್ ಅನ್ನೋದು. ಗಿಬ್ಸನ್‌ನವರು 1958ರಲ್ಲಿ ಇಎಸ್-335 ತಂದಾಗ ಈ ದಿಮ್ಮಿ ಇಟ್ಟಿದ್ದರ ಮುಖ್ಯ ಲಾಭವೇ ಫೀಡ್‌ಬ್ಯಾಕ್ (ಆಂಪ್ ಸದ್ದಿಗೆ ಗಿಟಾರ್ ತಾನೇ ಕೂಗೋದು) ತಗ್ಗಿದ್ದು. 1961ರಲ್ಲಿ ಬಂದ ಎಪಿಫೋನ್ ಕ್ಯಾಸಿನೊ ನೋಡೋಕೆ ಹೆಚ್ಚುಕಮ್ಮಿ ಅದೇ ತರ, ಆದರೆ ಒಳಗೆ ದಿಮ್ಮಿ ಇಲ್ಲ. ಫೋಟೋ ನೋಡಿ ತಗೊಂಡರೆ ಏಮಾರೋದು ಇಲ್ಲೇ. ಮನೆಯಲ್ಲಿ, ಮೆಲ್ಲನೆ, ಒಬ್ಬರೇ ನುಡಿಸೋದಾದರೆ ಪೂರ್ತಿ ಹಾಲೋ ತಗೊಳ್ಳಿ, ಆಂಪ್ ಹಾಕದೆಯೂ ಕೇಳುವಷ್ಟು ದನಿ ಇರುತ್ತೆ, ಆ ಖುಷಿಯೇ ಬೇರೆ. ಡ್ರಮ್ಸ್ ಪಕ್ಕದಲ್ಲಿ ನಿಂತು ಜೋರಾಗಿ ನುಡಿಸೋದಿದ್ದರೆ ಮಾತ್ರ ದಿಮ್ಮಿ ಇರೋದೇ ವಾಸಿ.

ಇನ್ನೊಂದು ಮಾತು. ಕಡಿಮೆ ಬೆಲೆಯದ್ದು ಪ್ಲೈನಲ್ಲಿ ಮಾಡಿದ್ದು ಅಂತ ಮೂಗು ಮುರಿಯೋರು ಸಿಗ್ತಾರೆ. ಅವರ ಮಾತು ತಲೆಗೆ ಹಾಕ್ಕೋಬೇಡಿ. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಕೂಡ ಪದರ ಪದರ ಅಂಟಿಸಿದ ಮೇಪಲ್ ಹಲಗೆಯದ್ದೇ, ಅಷ್ಟೊಂದು ಜಾಝ್ ರೆಕಾರ್ಡಿಂಗ್‌ಗಳಲ್ಲಿ ಕೇಳೋ ದಪ್ಪ, ಗುಂಡಗಿನ ನಾದ ಅದರದ್ದು. ಇಡೀ ಮರವನ್ನು ಕೆತ್ತಿ ಮಾಡಿದ ಸ್ಪ್ರೂಸ್ ಹಲಗೆ ಆಂಪ್ ಇಲ್ಲದೆ ನುಡಿಸುವಾಗ ಚೆಂದ, ಆದರೆ ಆಂಪ್ ಹಾಕಿದರೆ ಬೇಗ ಕೂಗೋಕೆ ಶುರು ಮಾಡುತ್ತೆ, ಬಿಸಿಲು ತೇವಕ್ಕೂ ಬೇಗ ಸೀಳುತ್ತೆ. ಪ್ಲೈ ಈ ಎರಡನ್ನೂ ಚೆನ್ನಾಗಿ ತಡೆದುಕೊಳ್ಳುತ್ತೆ.

ಕೊಳ್ಳೋಕೆ ಐಬನೆಜ್‌ನ ಆರ್ಟ್‌ಕೋರ್ ಸಾಲು ಒಳ್ಳೆ ಶುರುವಾತು. 2002ರಿಂದ ಬರ್ತಾ ಇದೆ, ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತೆ. ಅದರಲ್ಲಿ ಎಎಫ್75 ಪೂರ್ತಿ ಹಾಲೋ, ಎಎಸ್73 ಸೆಮಿ ಹಾಲೋ. ಗ್ರೆಚ್‌ನ ಸ್ಟ್ರೀಮ್‌ಲೈನರ್‌ನಲ್ಲೂ ಹೀಗೇ ಎರಡು ಬಗೆ ಇವೆ, ಜಿ2420 ಖಾಲಿ ಒಡಲಿನದ್ದು, ಜಿ2622 ದಿಮ್ಮಿ ಇರೋದು. ಎಪಿಫೋನ್‌ನ ಹಳೇ ಡಾಟ್ ಮಾಡೆಲ್ ಕೂಡ ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಬಹುದು, ಅದು ಸೆಮಿ ಹಾಲೋ. ನನ್ನನ್ನು ಕೇಳಿದರೆ, ಹೊಸದಕ್ಕಿಂತ ಒಬ್ಬರು ಆಸೆಪಟ್ಟು ತಗೊಂಡು ಜಾಸ್ತಿ ನುಡಿಸದೆ ಮೂಲೆಗಿಟ್ಟ ಹಳೇದೇ ಒಳ್ಳೇದು. ಮರ ಸೊಟ್ಟಗಾಗೋದಿದ್ದರೆ ಅಷ್ಟು ಹೊತ್ತಿಗೆ ಆಗಿರುತ್ತೆ, ಕಣ್ಣಿಗೆ ಕಾಣುತ್ತೆ.

ನೋಡೋಕೆ ಹೋದಾಗ ಬಣ್ಣ, ಗೀರು ಇವನ್ನೆಲ್ಲ ಬಿಟ್ಟು ಸೀದಾ ನೆಕ್ ನೋಡಿ. ತಲೆ ಕಡೆಯಿಂದ ಕಣ್ಣಿಟ್ಟು ಬಾಡಿ ಕಡೆಗೆ ದೃಷ್ಟಿ ಹಾಯಿಸಿ. ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ, ಅದನ್ನ ಸರಿಮಾಡೋಕೆ ನೆಕ್ ಒಳಗೆ ಟ್ರಸ್ ರಾಡ್ ಅನ್ನೋ ಸರಳು ಇದೆ. ತಿರುಚಿಕೊಂಡಿದ್ದರೆ, ಅಂದರೆ ಒಂದು ಅಂಚು ಮೇಲೆದ್ದು ಇನ್ನೊಂದು ಕೆಳಗಿಳಿದಿದ್ದರೆ, ಅಲ್ಲೇ ಬಿಟ್ಟು ಬನ್ನಿ. ಟ್ರಸ್ ರಾಡ್ ಮುಚ್ಚಳ ತೆಗೆಸಿ, ಅದರ ನಟ್ ತಿರುಗುತ್ತಾ ಅಂತ ಕೇಳಿ. ಆಮೇಲೆ ತಲೆ ಹಿಂದಕ್ಕೆ ಬಾಗುವ ಜಾಗ. ಈ ಗಿಟಾರುಗಳಲ್ಲಿ ತಲೆ ಓರೆಯಾಗಿರುತ್ತೆ, ಟ್ರಸ್ ರಾಡ್‌ಗಾಗಿ ಮರ ಕೊರೆದಿರೋದೂ ಅಲ್ಲೇ, ಹಾಗಾಗಿ ಬಿದ್ದರೆ ಮೊದಲು ಬಿರುಕು ಬಿಡೋದು ಆ ಜಾಗ. ಉಗುರಿನಿಂದ ಸವರಿ ನೋಡಿ, ಕೂದಲೆಳೆಯಷ್ಟು ಗೆರೆ ಸಿಕ್ಕರೂ ಅನುಮಾನ ಪಡಿ. ನೆಕ್ ಬಾಡಿಗೆ ಸೇರುವ ಮೂಲೆಯಲ್ಲೂ ಹೀಗೇ ನೋಡಿ.

ಬ್ರಿಜ್, ಅಂದರೆ ಬಾಡಿ ಮೇಲೆ ತಂತಿಗಳನ್ನ ಹೊತ್ತು ನಿಲ್ಲೋ ಭಾಗ, ಅದರ ಎತ್ತರ ನೋಡೋದನ್ನ ಜಾಸ್ತಿ ಜನ ಮರೀತಾರೆ. ಬ್ರಿಜ್ ಪೂರ್ತಿ ಕೆಳಗಿಳಿದು ಕೂತಿದ್ದು ತಂತಿ ಇನ್ನೂ ಎತ್ತರದಲ್ಲೇ ಇದ್ದರೆ ನೆಕ್ ಕೋನವೇ ಸರಿಯಿಲ್ಲ ಅಂತ ಅರ್ಥ. ಅದನ್ನ ಸರಿ ಮಾಡೋಕೆ ನೆಕ್ ಬಿಚ್ಚಬೇಕು, ಅಂಟು ಹಾಕಿದ ನೆಕ್ ಬಿಚ್ಚೋ ಖರ್ಚು ಈ ಮಟ್ಟದ ಗಿಟಾರಿಗೆ ಅತಿಯಾಯ್ತು. ಪೂರ್ತಿ ಹಾಲೋದಲ್ಲಿ ಬ್ರಿಜ್ ಕೆಳಗಿನ ಹಲಗೆ ತಗ್ಗಿದೆಯಾ ಅಂತಲೂ ಬದಿಯಿಂದ ನೋಡಿ. ಸ್ವಿಚ್ ಕರಕರ ಅನ್ನುತ್ತೆ, ಟ್ಯೂನಿಂಗ್ ಕೀ ಸಡಿಲ, ನಾಬ್ ಒಂದಿಲ್ಲ, ಇವೆಲ್ಲ ಬೆಲೆ ಇಳಿಸೋಕೆ ಉಪಯೋಗಕ್ಕೆ ಬರುವ ಮಾತುಗಳು ಅಷ್ಟೇ.

ಗಿಟಾರ್ ಮನೆಗೆ ಬಂತು ಅನ್ನಿ. ಈಗ ಸೆಟಪ್, ಅಂದರೆ ನುಡಿಸೋಕೆ ಹದ ಮಾಡೋ ಕೆಲಸ. ನಾನು ನೋಡಿದ ಮಟ್ಟಿಗೆ ಕಡಿಮೆ ಬೆಲೆಯ ಗಿಟಾರಿಗೂ ದುಬಾರಿಯದಕ್ಕೂ ಕೈಗೆ ತಿಳಿಯುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ನಟ್‌ನಲ್ಲಿದೆ. ಇದು ಸ್ಕ್ರೂಗೆ ಹಾಕೋ ನಟ್ ಅಲ್ಲ, ನೆಕ್‌ನ ತಲೆ ಕಡೆ ತಂತಿಗಳು ಕೂರೋ ಕಚ್ಚುಗಳಿರುವ ಸಣ್ಣ ಪಟ್ಟಿ. ಕಾರ್ಖಾನೆಯಲ್ಲಿ ಇದರ ಕಚ್ಚುಗಳನ್ನ ಬೇಕಂತಲೇ ಎತ್ತರಕ್ಕೆ ಬಿಟ್ಟು ಕಳಿಸ್ತಾರೆ, ಯಾಕಂದರೆ ತಗ್ಗು ಜಾಸ್ತಿಯಾದರೆ ತಂತಿ ಫ್ರೆಟ್‌ಗೆ ಬಡಿದು ವಾಪಸ್ ಬರುತ್ತೆ ಅನ್ನೋ ಭಯ. ಪರೀಕ್ಷೆ ಸುಲಭ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಮೊದಲನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ತೆಳು ಕಾಗದ ತೂರುವಷ್ಟಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಎಫ್ ಬಾರ್ ಕಾರ್ಡ್ ಹಿಡಿಯೋಕೆ ಬೆರಳು ನೋಯುತ್ತೆ, ಅದೂ ಅಲ್ಲದೆ ಮೊದಲ ಎರಡು ಮೂರು ಫ್ರೆಟ್‌ಗಳ ಸ್ವರ ಏರಿಬಿಡುತ್ತೆ. ಟ್ಯೂನ್ ಮಾಡುವಾಗ ಟಿಣ್ ಅಂತ ಸದ್ದು ಬಂದು ಶ್ರುತಿ ತಟಕ್ಕನೆ ಮೇಲಕ್ಕೆ ಹಾರಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ. ಸದ್ಯಕ್ಕೆ ಪೆನ್ಸಿಲ್ ಸೀಸವನ್ನ ಆ ಕಚ್ಚಿಗೆ ತಿಕ್ಕಿ. ಮುಂದೆ ಒಳ್ಳೆ ಕೈಯಲ್ಲಿ ಮೂಳೆಯ ನಟ್ ಹಾಕಿಸಿ. ಶ್ರುತಿ ನಿಲ್ಲಲ್ಲ ಅಂತ ಟ್ಯೂನಿಂಗ್ ಕೀ ಬದಲಾಯಿಸೋರಿದ್ದಾರೆ, ಬಹಳ ಸಲ ತಪ್ಪು ಕೀಯದ್ದಲ್ಲ, ಈ ಕಚ್ಚಿನದ್ದು.

ನೆಕ್ ಬಾಗು ನೋಡೋಕೆ ಮೊದಲನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವಲ್ಲಿ ತಂತಿ ಒತ್ತಿ, ಏಳನೇ ಫ್ರೆಟ್ ಹತ್ತಿರ ಸಂದು ನೋಡಿ. ಸುಮಾರು 0.2 ಮಿ.ಮೀ. ಇದ್ದರೆ ಚೆನ್ನ. ಟ್ರಸ್ ರಾಡನ್ನ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಮತ್ತೆ ಟ್ಯೂನ್ ಮಾಡಿ ನೋಡಿ. ಆಮೇಲೆ 12ನೇ ಫ್ರೆಟ್‌ನಲ್ಲಿ ತಂತಿ ಎತ್ತರ: ದಪ್ಪ ತಂತಿಗೆ 2 ಮಿ.ಮೀ., ಸಣ್ಣದಕ್ಕೆ 1.5 ಮಿ.ಮೀ. ಆಸುಪಾಸು.

ಪೂರ್ತಿ ಹಾಲೋ ಗಿಟಾರುಗಳಲ್ಲಿ ಬಹಳಷ್ಟಕ್ಕೆ ಬ್ರಿಜ್‌ಗೆ ಸ್ಕ್ರೂ ಇರಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತೆ. ಎಲ್ಲಾ ತಂತಿ ಒಟ್ಟಿಗೆ ಬಿಚ್ಚಿದರೆ ಬ್ರಿಜ್ ಕೈಗೆ ಬರುತ್ತೆ, ಗಾಬರಿ ಬೀಳಬೇಡಿ. ಒಂದೊಂದೇ ತಂತಿ ಬದಲಾಯಿಸಿದರೆ ಈ ತಾಪತ್ರಯ ಇಲ್ಲ. ಜಾಗಕ್ಕೆ ಕೂರಿಸೋಕೆ, 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ಬರೀ ತಾಗಿಸಿ ಬರಿಸೋ ಸ್ವರ) ನುಡಿಸಿ, ಅಲ್ಲೇ ಒತ್ತಿ ಇನ್ನೊಮ್ಮೆ ನುಡಿಸಿ, ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ ಹಿಂದಕ್ಕೆ, ಅಂದರೆ ತಂತಿಯ ತುದಿ ಸಿಕ್ಕಿಸೋ ಟೇಲ್‌ಪೀಸ್ ಕಡೆಗೆ. ಇಳಿದಿದ್ದರೆ ಮುಂದಕ್ಕೆ. ಬ್ರಿಜ್‌ನ ಮರದ ಪಾದ ಹಲಗೆಯ ಉಬ್ಬಿಗೆ ಪೂರ್ತಿ ಕೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಷ್ಟೇ ತಾಗಿದ್ದರೆ ಮರಳು ಕಾಗದದ ಉರುಟು ಮೈ ಮೇಲೆ ಬರುವ ಹಾಗೆ ಅದನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಬ್ರಿಜ್ ಪಾದವನ್ನ ಹಿಂದೆ ಮುಂದೆ ಉಜ್ಜಿದರೆ ಪಾದ ಅದೇ ಆಕಾರಕ್ಕೆ ಬರುತ್ತೆ. ಖರ್ಚಿಲ್ಲದ ಕೆಲಸ, ದನಿ ಎದ್ದು ಕೇಳುವಷ್ಟು ತುಂಬಿಕೊಳ್ಳುತ್ತೆ.

ತಂತಿ ವಿಷಯಕ್ಕೆ ನಾನು ಹಟಮಾರಿ. ಜಾಝ್ ಬೇಕು ಅಂದರೆ ಫ್ಲ್ಯಾಟ್‌ವೂಂಡ್ (ಚಪ್ಪಟೆ ಸುತ್ತಿನ, ನುಣುಪಾದ ತಂತಿ) ಹಾಕಿ, 11 ಇಲ್ಲವೇ 12ರಿಂದ ಶುರುವಾಗೋ ಸೆಟ್ (ಅದು ಅತಿ ಸಣ್ಣ ತಂತಿಯ ದಪ್ಪದ ಸಂಖ್ಯೆ), ಮೂರನೇ ತಂತಿಯೂ ಸುತ್ತಿದ್ದೇ ಇರಲಿ. ಕಾರ್ಖಾನೆಯಿಂದ ಬರುವ 10ರ ಸಣ್ಣ ತಂತಿಗೆ ಅಷ್ಟು ದೊಡ್ಡ ಹಲಗೆಯನ್ನ ಸರಿಯಾಗಿ ಅಲ್ಲಾಡಿಸೋ ಶಕ್ತಿ ಇಲ್ಲ. ಫ್ಲ್ಯಾಟ್‌ವೂಂಡ್ ದುಬಾರಿ, ನಿಜ, ಆದರೆ ಮಾಮೂಲಿ ತಂತಿಗಿಂತ ಬಹಳ ಕಾಲ ಬಾಳುತ್ತೆ. ಪಿಕಪ್ ಬದಲಾಯಿಸಬೇಕು ಅನ್ನಿಸ್ತಿದ್ದ ಎಷ್ಟೋ ಗಿಟಾರುಗಳು ಬರೀ ತಂತಿ ಬದಲಾಯಿಸಿದ ಮೇಲೆ ಹಾಗೇ ಉಳಿದುಕೊಂಡಿವೆ. ದಪ್ಪ ತಂತಿ ಹಾಕಿದ ಮೇಲೆ ನೆಕ್ ಬಾಗು, ನಟ್ ಕಚ್ಚು ಎರಡನ್ನೂ ಮತ್ತೆ ನೋಡಬೇಕಾಗುತ್ತೆ, ಅದಕ್ಕೇ ತಂತಿ ಮೊದಲು ತೀರ್ಮಾನ ಮಾಡಿ ಆಮೇಲೆ ಸೆಟಪ್ ಮಾಡಿಸಿ.

ಇಷ್ಟಾದ ಮೇಲೂ ನಾದ ಮಂಕು ಅನ್ನಿಸಿದರೆ ಪಿಕಪ್ ಎತ್ತರ ಇಳಿಸಿ ನೋಡಿ. ನೆಕ್ ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಗೊಗ್ಗರು ದನಿ ಬರುತ್ತೆ. ಸ್ಕ್ರೂ ಅರ್ಧರ್ಧ ಸುತ್ತು ಇಳಿಸುತ್ತಾ ಕೇಳಿ, ಒಂದು ಹಂತದಲ್ಲಿ ಸ್ವರಗಳು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಅದೂ ಸಾಲದು ಅಂದರೆ ಆಗ ಪಿಕಪ್ ಬದಲಾಯಿಸಿ, ಆದರೆ ತರಿಸೋ ಮೊದಲು ಅಳತೆ ನೋಡಿಕೊಳ್ಳಿ. ಗ್ರೆಚ್ ಶೈಲಿಯ ಪಿಕಪ್‌ಗಳ ಅಳತೆ ಮಾಮೂಲಿ ಹಂಬಕರ್‌ಗಿಂತ (ಎರಡು ಸುರುಳಿಯ ಪಿಕಪ್) ಬೇರೆ ಇರುತ್ತೆ. ಪಾಟ್‌ಗಳೂ, ಅಂದರೆ ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರೋ ಭಾಗಗಳೂ ಹಾಗೇ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಸಣ್ಣ ಪಾಟ್ ಇರುತ್ತೆ, ದೊಡ್ಡ ಪಾಟ್‌ಗೆ ಸುಮಾರು 9.5 ಮಿ.ಮೀ. ತೂತು ಬೇಕು. ಪ್ಲೈಗೆ ಡ್ರಿಲ್ ಇಟ್ಟರೆ ಬಣ್ಣ ಚಕ್ಕೆ ಏಳುತ್ತೆ, ಹಾಗಾಗಿ ತೂತು ದೊಡ್ಡದು ಮಾಡೋದಾದರೆ ರೀಮರ್ ಅನ್ನೋ, ತೂತು ಅಗಲಿಸೋ ಉಪಕರಣದಲ್ಲಿ ಕೈಯಿಂದ ನಿಧಾನಕ್ಕೆ ತಿರುಗಿಸಿ.

ಈ ಗಿಟಾರುಗಳಿಗೆ ಹಿಂದೆ ಮುಚ್ಚಳ ಇರೋದು ಕಮ್ಮಿ, ವೈರಿಂಗ್ ಎಲ್ಲ ಎಫ್ ತೂತಿನಿಂದಲೇ ಒಳಗೆ ಹೋಗಿ ಬರಬೇಕು. ಬಿಚ್ಚೋ ಮೊದಲು ಪ್ರತಿ ಪಾಟ್‌ನ ಕಡ್ಡಿಗೆ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನ ಹೊರಗೆ ಟೇಪ್ ಹಾಕಿ ಅಂಟಿಸಿ, ಆಮೇಲೆ ನಟ್ ಬಿಚ್ಚಿ ಒಳಗೆ ತಳ್ಳಿ. ವಾಪಸ್ ಹಾಕುವಾಗ ದಾರ ಎಳೆದರೆ ಪಾಟ್ ತನ್ನ ತೂತಿಗೆ ತಾನೇ ಬರುತ್ತೆ. ದಾರಕ್ಕಿಂತ ಒಳ್ಳೇದು ಅಕ್ವೇರಿಯಂಗೆ ಹಾಕೋ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ, ಕಡ್ಡಿ ಮೇಲೆ ಬಿಗಿಯಾಗಿ ಕೂರುತ್ತೆ, ಗಂಟು ಬಿಚ್ಚೋ ರಗಳೆ ಇಲ್ಲ. ಜಾಕ್ ಸಡಿಲ ಆದಾಗ ಹೊರಗಿನ ನಟ್ ಮಾತ್ರ ಸುಮ್ನೆ ತಿರುಗಿಸಬೇಡಿ, ಒಳಗಿನ ಜಾಕ್ ಜೊತೆಗೇ ತಿರುಗಿ ವೈರ್ ಕಿತ್ತುಬರುತ್ತೆ. ಟೇಲ್‌ಪೀಸ್‌ಗೆ ಹೋಗೋ ಗ್ರೌಂಡ್ ವೈರ್ ಎಲ್ಲಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ಅದು ಬಿಟ್ಟುಹೋದರೆ ಗುಂಯ್ ಅನ್ನೋದು ನಿಲ್ಲೋದೇ ಇಲ್ಲ.

ಫೀಡ್‌ಬ್ಯಾಕ್‌ಗೆ ಮೊದಲ ಮದ್ದು ನಿಲ್ಲೋ ಜಾಗ. ಆಂಪ್ ಎದುರಿಗೆ ಬೇಡ, ಪಕ್ಕಕ್ಕೆ ಸರಿಯಿರಿ. ಆಂಪ್‌ನ ಬಾಸ್ ಇಳಿಸಿ. ಆಮೇಲೂ ಕೂಗಿದರೆ ಎಫ್ ತೂತಿಗೆ ಸ್ಪಂಜು ತುಂಬಿ. ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಕೂಡ ಬಟ್ಟೆ ತುರುಕಿಯೇ ನುಡಿಸ್ತಿದ್ದರು, 1980ರಲ್ಲಿ ಗಿಬ್ಸನ್ ಅವರ ಹೆಸರಿನ ಲೂಸಿಲ್ ಮಾಡೆಲ್ ತಂದಾಗ ಎಫ್ ತೂತನ್ನೇ ಬಿಟ್ಟುಬಿಟ್ಟಿತು.

ಕೊನೆಗೆ ಬಿಗ್ಸ್‌ಬಿ. ಮೊದಲ ವರ್ಷ ಬೇಡ ಅಂತೀನಿ. ಪೂರ್ತಿ ಹಾಲೋಗೆ ಟೇಲ್‌ಪೀಸ್ ಜಾಗದಲ್ಲಿ ಕೂರುವ ಬಿ6 ತರಹದ್ದೇ ಆಗಬೇಕು. ಬಿ7ಗೆ ಮೇಲಿನ ಹಲಗೆಗೂ ಸ್ಕ್ರೂ ಬೀಳುತ್ತೆ, ಕೆಳಗೆ ಹಿಡಿಯೋಕೆ ದಿಮ್ಮಿ ಇರಲ್ಲ. ಸ್ಕ್ರೂ ಇಲ್ಲದ ಬ್ರಿಜ್ ಇದ್ದರೆ ಹಿಡಿಕೆ ಒತ್ತಿದಾಗಲೆಲ್ಲ ಬ್ರಿಜ್ ಜರುಗುತ್ತೆ, ಅದನ್ನ ಪಿನ್ ಹೊಡೆದು ನಿಲ್ಲಿಸಬೇಕು. ನಟ್ ಸರಿಯಿಲ್ಲದಿದ್ದರೆ ಶ್ರುತಿ ವಾಪಸ್ ಬರೋದೇ ಇಲ್ಲ. ಅಲುಗಾಟದ ನಾದ ನಿಮಗೆ ಬೇಕೇ ಬೇಕು ಅಂದರೆ ಗ್ರೆಚ್‌ನಲ್ಲಿ ಬಿಗ್ಸ್‌ಬಿ ಹಾಕಿಯೇ ಬರುವ ಮಾಡೆಲ್‌ಗಳಿವೆ, ಜಿ5420ಟಿ ಅಂಥದ್ದು. ಅದನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ.