ಪ್ರತಿಕ್ರಿಯೆ: ಟೊಮೆಟೊ ತೋಟದ ಸೆನ್ಸರ್‌ಗಳು ಸಂಜೆ ಯಾಕೆ ಸುಮ್ಮನಾಗುತ್ತವೆ?

ನಮಸ್ಕಾರ. ಶ್ರೀನಿವಾಸಪುರದ ನಿಮ್ಮ ತೋಟದಲ್ಲಿ ಸಂಜೆಯಾದರೆ ಜಿಗ್‌ಬೀ (ಕಡಿಮೆ ವಿದ್ಯುತ್ತಿನ ರೇಡಿಯೊ ಸಂಪರ್ಕ) ತೇವಾಂಶ ಸೆನ್ಸರ್‌ಗಳ ರೀಡಿಂಗ್ ಬರಲ್ಲ, ಯಾರೋ ಬೇಕಂತಲೇ ರೇಡಿಯೊ ಗದ್ದಲ ಎಬ್ಬಿಸಿ ಜಾಮ್ ಮಾಡ್ತಿದ್ದಾರಾ, ಪಾಸ್‌ವರ್ಡ್ ಬದಲಿಸಿದರೆ ಸಾಕಾ ಅಂತ ಕೇಳಿದ್ದೀರಿ.

ಪಾಸ್‌ವರ್ಡ್‌ನಿಂದ ಪ್ರಯೋಜನವಿಲ್ಲ. ಅದು ಕದ್ದು ಓದುವವರನ್ನು ತಡೆಯುತ್ತದೆ, ಗದ್ದಲವನ್ನಲ್ಲ. ಸಂತೆಯಲ್ಲಿ ಗುಟ್ಟು ಹೇಳಿದರೂ ಕೇಳಿಸಬೇಕು ಅಲ್ವಾ?

ಮೊದಲು ಗೇಟ್‌ವೇಯಲ್ಲಿ (ಸೆನ್ಸರ್‌ಗಳ ರೀಡಿಂಗ್ ಪಡೆಯುವ ಪೆಟ್ಟಿಗೆ) ಎನರ್ಜಿ ಸ್ಕ್ಯಾನ್ ಮಾಡಿ, ಅಂದರೆ ಚಾನೆಲ್‌ನಲ್ಲಿ ಎಷ್ಟು ರೇಡಿಯೊ ಗದ್ದಲವಿದೆ ಅಂತ ಅಳೆಯಿರಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೆಳಗ್ಗೆ -95 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ) ಆಸುಪಾಸು ಇದ್ದದ್ದು ಸಂಜೆ -60ಕ್ಕೆ ಏರಿದರೆ ಗಾಳಿಯಲ್ಲಿ ಗದ್ದಲವಿದೆ. ಜಿಗ್‌ಬೀ ನೋಡ್ (ಸೆನ್ಸರ್ ಇರುವ ಸಾಧನ) ಕಳಿಸುವ ಮುಂಚೆ ಚಾನೆಲ್ ಖಾಲಿ ಇದೆಯಾ ನೋಡುತ್ತದೆ. ಗದ್ದಲವಿದ್ದರೆ ಕಾದು ಕಾದು ಕೈಬಿಡುತ್ತದೆ. ಗದ್ದಲ ಏರದಿದ್ದರೆ ಬ್ಯಾಟರಿ, ಆಂಟೆನಾ ನೋಡಿ.

ನನ್ನ ಮಾಲೂರಿನ ಪಾಲಿಹೌಸ್‌ನಲ್ಲೂ ಹೀಗೇ ಆಗಿತ್ತು. ಕೊನೆಗೆ ನೋಡಿದರೆ ಪಂಪ್‌ಹೌಸ್ ಗೋಡೆಗೆ ಹೊಸದಾಗಿ ಹಾಕಿದ್ದ ವೈಫೈ ಕ್ಯಾಮೆರಾ! ವೈಫೈ, ಜಿಗ್‌ಬೀ ಎರಡೂ 2.4 ಗಿಗಾಹರ್ಟ್ಸ್. ಚಾನೆಲ್ 25ಕ್ಕೆ ಹೋದ ಮೇಲೆ ಸರಿಯಾಯಿತು. ವೈಫೈ 1, 6, 11ರಲ್ಲಿದ್ದರೆ ಜಿಗ್‌ಬೀಗೆ 15, 20, 25, 26 ಒಳ್ಳೆಯವು.

ನಿಜವಾದ ಜಾಮರ್ ಇದ್ದರೆ ಒಂದೇ ಚಾನೆಲ್ ನಂಬಬೇಡಿ. 865–867 ಮೆಗಾಹರ್ಟ್ಸ್‌ನ ಲೋರಾ (ದೂರಕ್ಕೆ ತಲುಪುವ ಇನ್ನೊಂದು ರೇಡಿಯೊ ಸಂಪರ್ಕ) ಒಂದನ್ನು ಜೊತೆಗಿಡಿ, ಲೈಸೆನ್ಸ್ ಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ರೀಡಿಂಗನ್ನು ಸಮಯದ ಸಮೇತ ನೋಡ್‌ನಲ್ಲೇ ಉಳಿಸಿ, ದಾರಿ ತೆರೆದಾಗ ಕಳಿಸಲಿ. ಸಂಪರ್ಕ ಕಡಿದಾಗ ಡ್ರಿಪ್ ವಾಲ್ವ್ ತೆರೆದೇ ಉಳಿಯಬಾರದು, ಟೈಮರ್‌ನಲ್ಲಿ ತಾನೇ ಮುಚ್ಚಿಕೊಳ್ಳಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಆಳದಿಂದ ಬರುತ್ತದೆ ಅಂತ ನಿಮಗೇ ಗೊತ್ತು.

ಸ್ಕ್ಯಾನ್ ಅಂಕಿ ಇಲ್ಲೇ ಹಾಕಿ, ನೋಡ್ತೀನಿ.