ಹೊಕ್ಕೈಡೊ ನಕ್ಷೆ ತೆಗೆಯಿರಿ

“ಒಂದೇ ಜನ, ಒಂದೇ ಭಾಷೆ ಇದ್ದದ್ದರಿಂದಲೇ ಜಪಾನ್ ಮುಂದೆ ಬಂತು. ನಾವೂ ಸಣ್ಣಪುಟ್ಟ ಭಾಷೆಗಳ ಗೋಜು ಬಿಡಬಾರದೇಕೆ?”
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಶಾಲೆಗಳಲ್ಲಿ ಒಂದೇ ಪ್ರಮಾಣಭಾಷೆ ಕಲಿಸಿದ್ದು ಓದುಬರಹ ಹರಡಲು ನೆರವಾಯಿತು, ಒಪ್ಪಿದೆ. ಆದರೆ ‘ಒಂದೇ ಜನ’ ಅಂದಿರಲ್ಲ, ಅದನ್ನು ಒಪ್ಪಲಾರೆ.

ಉತ್ತರದ ಹೊಕ್ಕೈಡೊ ದ್ವೀಪದ ನಕ್ಷೆ ನೋಡಿ. ‘ಬೆಟ್ಸು’, ‘ನಾಯ್’ ಎಂದು ಮುಗಿಯುವ ಊರುಗಳೆಷ್ಟು! ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಭಾಷೆಯಲ್ಲಿ ‘ಪೆತ್’, ‘ನಾಯ್’ ಅಂದರೆ ಹೊಳೆ, ತೊರೆ. ವಕ್ಕನಾಯ್ ಮೂಲದಲ್ಲಿ ‘ಯಮ್ ವಕ್ಕ ನಾಯ್’, ತಣ್ಣೀರಿನ ತೊರೆ. ಜಪಾನಿಗರು ಉಚ್ಚಾರಕ್ಕೆ ಹೊಂದುವ ಚೀನೀ ಅಕ್ಷರ ಕೂರಿಸಿದರು. ಈಗ ಆ ಅಕ್ಷರಗಳ ಅರ್ಥ ‘ಎಳೆಯ’, ‘ಒಳಗೆ’. ನೀರೂ ಹೋಯಿತು, ತೊರೆಯೂ ಹೋಯಿತು.

ಬರವಣಿಗೆಯ ತೊಡಕು ಇನ್ನೊಂದು. ಐನು ಮಾತು ಬರೆಯಲು ಬಳಸುವ ಜಪಾನಿನ ಕತಕನಾ ಲಿಪಿಯಲ್ಲಿ ‘ನ್’ ಬಿಟ್ಟರೆ ಅರ್ಧಾಕ್ಷರವಿಲ್ಲ. ಐನು ಜನ ಮೀನಿಗೆ ‘ಚೆಪ್’ ಎಂದರೆ ಅದು ‘ಚೆಪು’ ಆಗುತ್ತದೆ. ಹಾಗಾಗಿ ‘ಪು’ವನ್ನು ಚಿಕ್ಕದಾಗಿ ಬರೆಯುವ ರೂಢಿ ಬಂತು. ಇಂಥ ಚಿಕ್ಕ ಅಕ್ಷರಗಳು ಕಂಪ್ಯೂಟರ್ ಅಕ್ಷರಗಳ ಸಂಕೇತಪಟ್ಟಿಯಾದ ಯೂನಿಕೋಡ್ ಸೇರಿದ್ದು 2002ರಲ್ಲಿ. ಚಿಕ್ಕ ‘ಪು’ಗೆ ಇವತ್ತಿಗೂ ಒಂಟಿ ಸಂಕೇತವಿಲ್ಲ, ಚಿಕ್ಕ ‘ಫು’ ಹೊಡೆದು ಸೊನ್ನೆ ಗುರುತು ಕೂಡಿಸಬೇಕು, ಫಾಂಟ್ ಸರಿಯಿಲ್ಲದಿದ್ದರೆ ಸೊನ್ನೆ ಪಕ್ಕಕ್ಕೆ ಜಾರುತ್ತದೆ. ನಮಗೆ ‘ಪ್’ ಬರೆದರೆ ಮುಗಿಯಿತು.

ಐನು ತರುಣಿ ಚಿರಿ ಯುಕಿಯೆ ಇದಕ್ಕೆ ರೋಮನ್ ಲಿಪಿ ಹಿಡಿದರು. ಗೂಬೆ, ನರಿ, ಕಪ್ಪೆಗಳೇ ‘ನಾನು’ ಎಂದು ಹಾಡುವ 13 ಐನು ದೇವಗೀತೆಗಳು ಒಂದು ಪುಟದಲ್ಲಿ, ಎದುರು ಪುಟದಲ್ಲಿ ಜಪಾನಿ. 1922ರಲ್ಲಿ, 19ರ ಹರೆಯದಲ್ಲೇ, ತೀರಿಕೊಂಡರು. ಪುಸ್ತಕ ಬಂದದ್ದು 1923ರಲ್ಲಿ. ಮರುವರ್ಷ ನಮ್ಮಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಉಳಿಸಿತು. ಅದನ್ನೂ ಗೋಜು ಅನ್ನುತ್ತೀರಾ?

ಐನು ಜನರಿಗೆಂದು ಜಪಾನ್ ತಂದ 1899ರ ಕಾಯ್ದೆಯ ಹೆಸರಲ್ಲೇ ‘ರಕ್ಷಣೆ’ ಇತ್ತು. ಬೇಟೆ, ಮೀನುಗಾರಿಕೆಯ ಜನಕ್ಕೆ ಕುಟುಂಬಕ್ಕೆ ಹೆಚ್ಚೆಂದರೆ ಸುಮಾರು 5 ಹೆಕ್ಟೇರ್ ಕೊಟ್ಟು ಉಳುಮೆ ಮಾಡಿ ಎಂದಿತು. 15 ವರ್ಷದೊಳಗೆ ಉಳದ ನೆಲ ಸರ್ಕಾರಕ್ಕೆ ವಾಪಸ್. ಅದು ರದ್ದಾದದ್ದು 1997ರಲ್ಲಿ. ಐನು ಜನರನ್ನು ಕಾನೂನು ‘ಮೂಲನಿವಾಸಿ’ ಎಂದು ಕರೆದದ್ದು 2019ರಲ್ಲಿ!

ನಮ್ಮ ಪತ್ರಿಕೆಗಳಿಗೆ ಜಪಾನೆಂದರೆ ಬುಲೆಟ್ ರೈಲು, ಚೆರಿ ಹೂವು, ಶಿಸ್ತು. 1952ರಲ್ಲಿ ರಾತ್ರೋರಾತ್ರಿ ಪೌರತ್ವ ಕಳೆದುಕೊಂಡ ಅಲ್ಲಿನ ಕೊರಿಯನ್ನರ ಬಗ್ಗೆ ಒಂದು ಸಾಲಿಲ್ಲ, ಅವರ ಕಾದಂಬರಿಗಳ ಅನುವಾದವಂತೂ ದೂರದ ಮಾತು. ದಕ್ಷಿಣದ ಒಕಿನಾವಾ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ‘ಹೋಗೆನ್ ಫುದಾ’ ಎಂಬ ಮರದ ಹಲಗೆ ತೂಗುಹಾಕುತ್ತಿದ್ದರು. ಮನೆಮಾತು ಆಡಿದ ಇನ್ನೊಂದು ಮಗು ಸಿಕ್ಕಿಬೀಳುವವರೆಗೆ ಅದು ಆ ಕೊರಳಲ್ಲೇ ಇರುತ್ತಿತ್ತು.